ಪಕ್ಕದ ಸೀಟಿನವರ ಚಿತ್ರವೂ ಬರಲಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಸಂಗ್ರಹದ ಹವ್ಯಾಸದ ಬಗ್ಗೆ ಬಂದ ಬರಹ ಓದಿದೆ. ನಾಣ್ಯ ಇತ್ತು, ಅಂಚೆಚೀಟಿ ಇತ್ತು, ಹಳೇ ರೇಡಿಯೊ ಇತ್ತು. ಚಿತ್ರ ಕೂಡಿಡುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ. ಕೊನೆಯಲ್ಲಿ ನಿಮ್ಮಲ್ಲಿ ಕೇಳುವುದೂ ಇದೆ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವನು. ವಯಸ್ಸು 62. ಮೆಕ್ಯಾನಿಕ್ ಕೆಲಸ ಮಾಡಿ ಬದುಕಿದವನು. ನಮ್ಮ ಮನೆಯ ಚಾವಡಿಯಲ್ಲಿ, ನಡುಕೋಣೆಯಲ್ಲಿ, ಅಟ್ಟಕ್ಕೆ ಹೋಗುವ ಮೆಟ್ಟಿಲ ಪಕ್ಕ, ಎಲ್ಲ ಕಡೆ ಮೋಟರ್ ರೇಸಿನ ಚಿತ್ರಗಳಿವೆ. ಅಚ್ಚಾದ ಪ್ರಿಂಟ್ 31, ಕೈಯಲ್ಲಿ ಬಿಡಿಸಿದ್ದು 4. ಬಂದ ನೆಂಟರು ಮೊದಲು ಕೇಳುವುದು 'ಇದೆಲ್ಲ ಕ್ಯಾಲೆಂಡರಾ?' ಅಂತ. ಕ್ಯಾಲೆಂಡರ್ ಅಲ್ಲ.

1996ರಿಂದ 2011ರವರೆಗೆ ನಾನು ಬಹರೈನ್‌ನಲ್ಲಿದ್ದೆ. ಸಲ್ಮಾಬಾದ್‌ನ ಒಂದು ಗ್ಯಾರೇಜಿನಲ್ಲಿ ಕೆಲಸ. 2004ರ ಏಪ್ರಿಲ್‌ನಲ್ಲಿ ಸಾಖೀರ್‌ನ ಹೊಸ ಟ್ರ್ಯಾಕ್‌ನಲ್ಲಿ ಅಲ್ಲಿಯ ಮೊದಲ ಫಾರ್ಮುಲಾ ಒನ್ ಓಟ ನಡೆಯಿತು. ಗೆದ್ದದ್ದು ಮೈಕೇಲ್ ಶೂಮಾಕರ್, ಫೆರಾರಿಯಲ್ಲಿ. ಭಾನುವಾರ ನಮಗೆ ಕೆಲಸ ಇತ್ತು. ಶುಕ್ರವಾರ ರಜೆ, ಹಾಗಾಗಿ ಅಭ್ಯಾಸದ ಓಟ ನೋಡಲು ಹೋದೆ. ಆ ಸದ್ದು ಎದೆಯೊಳಗೆ ಬಡಿಯುತ್ತದೆ. ಆದರೆ ಕಣ್ಣಿಗೆ ಏನೂ ಸಿಗುವುದಿಲ್ಲ. ಕೆಂಪು ಬಂತು, ಹೋಯಿತು, ಅಷ್ಟೆ. ಮನೆಗೆ ಬಂದು ನೆನಪು ಮಾಡಿಕೊಂಡರೆ ಒಂದು ಕಾರಿನ ಆಕಾರವೂ ತಲೆಯಲ್ಲಿ ಉಳಿದಿರಲಿಲ್ಲ. ನನಗೆ ಬೇಜಾರಾಗಿತ್ತು.

ಆ ವರ್ಷದ ಕೊನೆಗೆ ನಮ್ಮ ಗಿರಾಕಿಯೊಬ್ಬರು, ವಯಸ್ಸಾದ ಇಂಗ್ಲಿಷರು, ಊರಿಗೆ ಮರಳಿದರು. ಅವರ ಹಳೇ ಕಾರನ್ನು ಆರು ವರ್ಷ ನಾನೇ ನೋಡಿಕೊಂಡಿದ್ದೆ. ಹೋಗುವ ಮುಂಚೆ ಒಂದು ರಟ್ಟಿನ ಕೊಳವೆ ತಂದು ಕೈಗೆ ಕೊಟ್ಟರು. ಒಳಗೆ ಒಂದು ಪ್ರಿಂಟ್. ಬೆಳ್ಳಿ ಬಣ್ಣದ ತೆರೆದ ಕಾರು, ಮೈಮೇಲೆ ಕೆಂಪು ಅಕ್ಷರದಲ್ಲಿ 722. ಹಿಂದೆ ಇಟಲಿಯ ಒಂದು ಊರು, ರಸ್ತೆ ಬದಿಯಲ್ಲಿ ಜನ. ಕಾರಿನಲ್ಲಿ ಇಬ್ಬರು. ಒಬ್ಬರ ಕೈ ಸ್ಟಿಯರಿಂಗ್ ಮೇಲೆ. ಇನ್ನೊಬ್ಬರಿಗೆ ಗಡ್ಡ, ಒಂದು ಕೈ ಗಾಳಿಯಲ್ಲಿ ಎತ್ತಿದೆ, ಮಡಿಲಲ್ಲಿ ಏನೋ ಪೆಟ್ಟಿಗೆ.

ಆ ಗಡ್ಡದವರ ಕಥೆಯೇ ನನ್ನನ್ನು ಹಿಡಿದದ್ದು. ಅವರು ಡೆನಿಸ್ ಜೆಂಕಿನ್ಸನ್. ನಿಮ್ಮ ಹಾಗೆ ಪತ್ರಕರ್ತರು, 'ಮೋಟರ್ ಸ್ಪೋರ್ಟ್' ಪತ್ರಿಕೆಯವರು. 1955ರ ಮೇ 1ರಂದು ನಡೆದ ಮಿಲ್ಲೆ ಮಿಲಿಯಾ ಓಟ. ಬ್ರೆಷಿಯಾದಿಂದ ಹೊರಟು ರೋಮ್ ಮುಟ್ಟಿ ವಾಪಸ್ ಬ್ರೆಷಿಯಾಕ್ಕೆ, ಸುಮಾರು 1600 ಕಿಲೋಮೀಟರ್. ಎಲ್ಲ ಊರ ರಸ್ತೆಯೇ. 722 ಅಂದರೆ ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟ ಕಾರು ಅಂತ ಅರ್ಥ. ಓಡಿಸಿದ್ದು ಸ್ಟರ್ಲಿಂಗ್ ಮಾಸ್. ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರು. ದಾರಿಯ ಅಪಾಯದ ತಿರುವು, ಏರು, ರೈಲ್ವೆ ಗೇಟುಗಳನ್ನೆಲ್ಲ ಜೆಂಕಿನ್ಸನ್ ಮೊದಲೇ ಬರೆದುಕೊಂಡಿದ್ದರು. ಸುಮಾರು 18 ಅಡಿ ಉದ್ದದ ಕಾಗದದ ಸುರುಳಿ. ಅದನ್ನು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ಕಿಟಕಿಯಲ್ಲಿ ಕಾಣುವಷ್ಟು ಭಾಗವನ್ನು ತಿರುಗಿಸುತ್ತಾ ಓದಿದರು. ಇಂಜಿನ್ ಸದ್ದಿಗೆ ಮಾತು ಕೇಳುವುದಿಲ್ಲ. ಹಾಗಾಗಿ ಎಲ್ಲ ಕೈಸನ್ನೆಯಲ್ಲೇ. ದಿಣ್ಣೆಯ ಆಚೆ ರಸ್ತೆ ನೇರ ಇದೆ ಅಂತ ಪಕ್ಕದವರು ಕೈ ತೋರಿಸಿದರೆ, ಮಾಸ್ ಏನೂ ಕಾಣದಿದ್ದರೂ ಕಾಲು ಎತ್ತದೆ ಹೋಗಬೇಕು. ನಂಬಿಕೆ ಅಂದರೆ ಅದು, ಅಲ್ವಾ? ದಾರಿಯಲ್ಲಿ ಜೆಂಕಿನ್ಸನ್ ಅವರಿಗೆ ವಾಂತಿ ಬಂತು. ಬಗ್ಗಿದಾಗ ಕನ್ನಡಕ ಗಾಳಿಗೆ ಹಾರಿಹೋಯಿತು. ಇನ್ನೊಂದು ಜೊತೆ ಹಾಕಿಕೊಂಡು ಓದುವುದನ್ನು ಮುಂದುವರಿಸಿದರು. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಓಟ ಮುಗಿಯಿತು. ಸರಾಸರಿ ಗಂಟೆಗೆ 157 ಕಿಲೋಮೀಟರಿಗಿಂತ ಜಾಸ್ತಿ. ಎರಡನೆಯವರಾಗಿ ಬಂದ ಫ್ಯಾಂಜಿಯೊ ಅವರಿಗಿಂತ ಅರ್ಧ ಗಂಟೆ ಮುಂದೆ. ಫ್ಯಾಂಜಿಯೊ ಒಬ್ಬರೇ ಕೂತು ಓಡಿಸಿದ್ದರು, ಪಕ್ಕದಲ್ಲಿ ಯಾರೂ ಇರಲಿಲ್ಲ.

ಆ ಚಿತ್ರದಲ್ಲಿ ಇದೆಲ್ಲ ಇದೆ. ಮಾಸ್ ಅವರ ಮೊಣಕೈ ಸಡಿಲ, ಅಂದರೆ ಹೆದರಿಕೆ ಇಲ್ಲ. ಮುಂದಿನ ಚಕ್ರ ತಿರುವಿಗಿಂತ ಉಲ್ಟಾ ಕಡೆಗೆ ಸ್ವಲ್ಪ ತಿರುಗಿದೆ, ಅಂದರೆ ಹಿಂಭಾಗ ಜಾರುತ್ತಿದೆ. ಹೊರಗಿನ ಟೈರಿನ ಪಕ್ಕೆ ಉಬ್ಬಿದೆ, ಭಾರ ಎಲ್ಲ ಆ ಕಡೆ ಬಿದ್ದಿದೆ. ಬಿಡಿಸಿದವರಿಗೆ ಕಾರು ಗೊತ್ತಿತ್ತು. ಟ್ರ್ಯಾಕ್‌ನಲ್ಲಿ ನನ್ನ ಕಣ್ಣಿಗೆ ಸಿಗದೆ ಹೋದದ್ದು ಕಾಗದದ ಮೇಲೆ ನಿಂತು ಸಿಕ್ಕಿತು. ಅಂದಿನಿಂದ ಕೂಡಿಡಲು ಶುರು ಮಾಡಿದೆ.

ಒಂದು ದುಃಖದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 2012ರಲ್ಲಿ, ಊರಿಗೆ ಬಂದ ಮೇಲೆ, ಆ ಪ್ರಿಂಟನ್ನು ಫ್ರೇಮ್ ಮಾಡಲು ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ವಾರ ಬಿಟ್ಟು ಹೋದಾಗ ಚಿತ್ರ ಗಾಜಿನೊಳಗೆ ಚೆನ್ನಾಗಿ ಕೂತಿತ್ತು. ಮನೆಗೆ ತಂದು ಗೋಡೆಗೆ ಹಾಕಿದ ಮೇಲೆ ನನಗೆ ಗೊತ್ತಾಯಿತು, ಸುತ್ತಲಿನ ಬಿಳಿ ಅಂಚು ಇಲ್ಲ. ಓಡಿ ಹೋಗಿ ಕೇಳಿದೆ. 'ಖಾಲಿ ಜಾಗ ಸುಮ್ನೆ ಯಾಕೆ ಅಂತ ಕತ್ತರಿಸಿದೆ, ಫ್ರೇಮಿನ ಅಳತೆಗೆ ಬರಬೇಕಲ್ಲ' ಅಂದರು. ಕತ್ತರಿಸಿದ ಪಟ್ಟಿ ಅಷ್ಟರಲ್ಲಿ ಕಸಕ್ಕೆ ಹೋಗಿತ್ತು. ಆ ಅಂಚಿನಲ್ಲೇ ಪೆನ್ಸಿಲ್‌ನಲ್ಲಿ ಚಿತ್ರಕಾರರ ಸಹಿ ಇತ್ತು, ಪಕ್ಕದಲ್ಲಿ ಸಂಖ್ಯೆ ಇತ್ತು. ಬಹರೈನ್‌ನಲ್ಲಿದ್ದಷ್ಟು ವರ್ಷವೂ ಅದು ಕೊಳವೆಯಲ್ಲೇ ಇತ್ತು. ಆಗಾಗ ಬಿಚ್ಚಿ ಕಾರನ್ನು ನೋಡುತ್ತಿದ್ದೆ, ಸಹಿಯನ್ನು ನಿಂತು ಓದಿರಲಿಲ್ಲ. ಮಾಸ್ ಅವರ ಈ ಓಟವನ್ನು ಬಿಡಿಸಿದ ಚಿತ್ರಕಾರರು ಒಬ್ಬಿಬ್ಬರಲ್ಲ. ನನ್ನದನ್ನು ಯಾರು ಬಿಡಿಸಿದ್ದು ಅಂತ ಕೇಳಿದರೆ ಇವತ್ತಿಗೂ ನನ್ನಲ್ಲಿ ಉತ್ತರ ಇಲ್ಲ. ಮೇಲಾಗಿ ಹಿಂದೆ ಹಾರ್ಡ್‌ಬೋರ್ಡಿಗೆ ಪೂರ್ತಿ ಗೋಂದು ಹಚ್ಚಿ ಅಂಟಿಸಿದ್ದರು. ಎರಡು ಮಳೆಗಾಲದಲ್ಲಿ ಕಂದು ಚುಕ್ಕೆ ಎದ್ದಿತು.

ಹಾಗಾಗಿ ನಮ್ಮ ಕರಾವಳಿಯಲ್ಲಿ ಚಿತ್ರ ಇಟ್ಟುಕೊಂಡವರಿಗೆ, ಅದು ದೇವರ ಪಟವಾಗಲಿ ಅಜ್ಜನ ಫೋಟೊವಾಗಲಿ, ನಾಲ್ಕು ಮಾತು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ. ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಕಾಗದ ಗಾಜಿಗೆ ತಾಗಬಾರದು, ತಾಗಿದರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಚಿತ್ರದ ಸುತ್ತ ದಪ್ಪ ಮೌಂಟ್, ಅಂದರೆ ನಡುವೆ ಕತ್ತರಿಸಿದ ರಟ್ಟಿನ ಚೌಕಟ್ಟು, ಇಡುವುದು. ಮೌಂಟ್ ಆಸಿಡ್ ಇಲ್ಲದ ರಟ್ಟಿನದೇ ಆಗಬೇಕು, ಮಾಮೂಲಿ ರಟ್ಟು ಹತ್ತು ವರ್ಷದಲ್ಲಿ ಕಾಗದವನ್ನು ಹಳದಿ ಮಾಡುತ್ತದೆ. ಅಂಟಿಸಬೇಡಿ ಅಂತ ಅಂಗಡಿಯವರಿಗೆ ಬರೆದೇ ಕೊಡಿ. ಮೇಲಿನ ಅಂಚಿಗೆ ಮಾತ್ರ ಎರಡು ತೆಳು ಕಾಗದದ ಪಟ್ಟಿ, ಗೋಧಿ ಹಿಟ್ಟಿನ ಅಂಟು, ಅಷ್ಟು ಸಾಕು. ನಾಳೆ ತೆಗೆಯಬೇಕೆಂದರೆ ಒದ್ದೆ ಮಾಡಿ ತೆಗೆಯಬಹುದು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಪಡುವಣ ಗೋಡೆ ಬೇಡವೇ ಬೇಡ. ಮಳೆ ಹೊಡೆಯುವುದೂ ಅಲ್ಲೇ, ಸಂಜೆ ಬಿಸಿಲು ಬೀಳುವುದೂ ಅಲ್ಲೇ.

ಕೊಳ್ಳುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನನ್ನ ಹತ್ತಿರ ಒಂದು ಚಿಕ್ಕ ಭೂತಗನ್ನಡಿ ಇದೆ, ಬೇರಿಂಗ್ ನೋಡಲು ಇಟ್ಟುಕೊಂಡಿದ್ದದ್ದು. ಆಫ್‌ಸೆಟ್ ಪ್ರಿಂಟ್ ಆದರೆ ಅದರಲ್ಲಿ ಬಣ್ಣದ ಚುಕ್ಕೆಗಳು ಸಾಲಾಗಿ, ಪುಟ್ಟ ಹೂವಿನ ಹಾಗೆ ಕಾಣುತ್ತವೆ. ಈಗಿನ ಜಿಕ್ಲೆ, ಅಂದರೆ ಇಂಕ್‌ಜೆಟ್ ಪ್ರಿಂಟ್ ಆದರೆ ಚುಕ್ಕೆ ಮಂಜಿನ ಹಾಗೆ ಚೆದುರಿರುತ್ತದೆ. ಚುಕ್ಕೆಯೇ ಇಲ್ಲದೆ ಬಣ್ಣ ತುಂಬಿ ಕೂತಿದ್ದರೆ ಕೈಯಿಂದ ಬಂದದ್ದು ಅಂತ ಆಸೆ ಇಡಬಹುದು. 214/500 ಅಂತ ಬರೆದಿದ್ದರೆ 500 ಪ್ರತಿಗಳಲ್ಲಿ 214ನೆಯದು. ಮೊದಲ ಸಂಖ್ಯೆಗೆ ಜಾಸ್ತಿ ದುಡ್ಡು ಕೇಳುವವರಿದ್ದಾರೆ. ಹಿಂದೆ ತಾಮ್ರದ ತಗಡಿನಿಂದ ಅಚ್ಚು ಒತ್ತುವಾಗ ತಗಡು ಸವೆಯುತ್ತಿತ್ತು, ಆಗ ಆ ಮಾತಿಗೆ ಅರ್ಥ ಇತ್ತು. ಆಫ್‌ಸೆಟ್‌ನಲ್ಲಿ 1ಕ್ಕೂ 500ಕ್ಕೂ ವ್ಯತ್ಯಾಸ ಇಲ್ಲ. ಮಾಸ್ 2020ರಲ್ಲಿ ತೀರಿಕೊಂಡ ಮೇಲೆ ಅವರ ಸಹಿ ಇರುವ ಪ್ರಿಂಟ್‌ಗೆ ಕೈ ಹಾಕುವುದನ್ನು ನಾನು ಬಿಟ್ಟೆ. ನನಗೆ ಸಹಿಗಿಂತ ಚಿತ್ರ ಮುಖ್ಯ.

ಚಿತ್ರಕಾರರ ಬಗ್ಗೆ ಮಾತ್ರ ಅವಸರ ಮಾಡಲಾರೆ. ಮೊನಾಕೊ ಓಟಕ್ಕೆ 1930ರ ದಶಕದಲ್ಲಿ ರೊಬೆರ್ ಫಾಲ್ಕುಚ್ಚಿ, ಆಮೇಲೆ ಜಿಯೋ ಹಾಮ್ ಬಿಡಿಸಿದ ಪೋಸ್ಟರ್‌ಗಳಿವೆ. ಅಸಲಿ ನಮಗೆ ಕೈಗೆಟುಕುವುದಲ್ಲ, ನನ್ನಲ್ಲಿರುವುದು ಮರುಮುದ್ರಣ. ಬೆಟ್ಟ, ಸಮುದ್ರ, ಅಂಕುಡೊಂಕು ರಸ್ತೆ, ಕಾರು ನೇರ ನಮ್ಮ ಮೈಮೇಲೆ ಬರುತ್ತದೆ. ಬೇಕಲ ಕೋಟೆಯ ಕಡೆಗೆ ಬಸ್ಸಿನಲ್ಲಿ ಹೋಗುವಾಗೆಲ್ಲ ನನಗೆ ಅದೇ ನೆನಪು. ಮೈಕೇಲ್ ಟರ್ನರ್ ಅವರ ಕಾರುಗಳಿಗೆ ತೂಕ ಇದೆ, ಟೈರು ರಸ್ತೆಯನ್ನು ಕಚ್ಚಿ ಹಿಡಿದಿರುತ್ತದೆ. ಡೆಕ್ಸ್ಟರ್ ಬ್ರೌನ್ ಅವರದ್ದು ಬೇರೆ ದಾರಿ, ಅರ್ಧ ಕಾರು ಬಣ್ಣವಾಗಿ ಕರಗಿಹೋಗುತ್ತದೆ. ಮೊದಲು ನನಗೆ ಅದು ಹಿಡಿಸಲಿಲ್ಲ. ಈಗ ದಿನಾ ನೋಡುವುದು ಅದನ್ನೇ. 1979ರಲ್ಲಿ ಅಮೆರಿಕದ ಚಿತ್ರಕಾರ ಆಂಡಿ ವಾರ್ಹಾಲ್ ಒಂದು ಬಿಎಂಡಬ್ಲ್ಯೂ ಎಂ1 ಕಾರಿಗೇ ತಮ್ಮ ಕೈಯಾರೆ ಬಣ್ಣ ಬಳಿದರು, ಅದು ಫ್ರಾನ್ಸಿನ ಲೆ ಮಾನ್‌ನ 24 ಗಂಟೆಯ ಓಟದಲ್ಲಿ ಓಡಿ 6ನೆಯ ಸ್ಥಾನ ಪಡೆಯಿತು. ದೊಡ್ಡ ಹೆಸರು ಸರಿ. ಆದರೆ ಅದು ಕಾರಿನ ಮೇಲಿನ ಚಿತ್ರ, ಓಟದ ಚಿತ್ರ ಅಲ್ಲ.

ಎಲ್ಲಕ್ಕಿಂತ ಹಳೆಯವರು ಫ್ರಾನ್ಸಿನ ಅರ್ನೆಸ್ಟ್ ಮೊಂಟೊ. 1909ರಲ್ಲೇ ತೀರಿಕೊಂಡವರು. ಗೆರೆಗಳನ್ನು ಕಲ್ಲಚ್ಚಿನಲ್ಲಿ ಒತ್ತಿ, ಆಮೇಲೆ ಆಕಾರ ಕತ್ತರಿಸಿದ ಹಾಳೆ ಇಟ್ಟು ಬ್ರಷ್‌ನಿಂದ ಕೈಯಲ್ಲೇ ಬಣ್ಣ ತುಂಬುತ್ತಿದ್ದರು. ಹೆಂಡತಿ ಮಾರ್ಗರಿಟ್ ಕೂಡ 'ಗಾಮಿ' ಅನ್ನುವ ಹೆಸರಿನಲ್ಲಿ ಬಿಡಿಸುತ್ತಿದ್ದರು. ಮೊಂಟೊ ಅವರ ಚಕ್ರ ದುಂಡಗಿಲ್ಲ. ಮೊಟ್ಟೆಯ ಹಾಗೆ ಮುಂದಕ್ಕೆ ವಾಲಿದೆ, ಹಿಂದೆ ಗಾಳಿಯ ಗೆರೆಗಳು. ಕೆಲವು ವರ್ಷ ಬಿಟ್ಟು ಲಾರ್ಟಿಗ್ ಎಂಬ ಹುಡುಗ ಕ್ಯಾಮರಾವನ್ನು ಕಾರಿನ ಜತೆಗೇ ತಿರುಗಿಸಿ ತೆಗೆದ ಫೋಟೊದಲ್ಲೂ ಚಕ್ರ ಹಾಗೇ ವಾಲಿತು. ಆ ಕಾಲದ ಕ್ಯಾಮರಾದ ಶಟರ್ ಸೀಳು ಚಿತ್ರ ಮೂಡುವ ಗಾಜಿನ ಫಲಕದ ಮುಂದೆ ಮೇಲಿನಿಂದ ಕೆಳಕ್ಕೆ ಸರಿಯುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತಿತ್ತು. ಅಷ್ಟೇ ಕಾರಣ. ರಸ್ತೆ ಬದಿಯ ಜನ ಮಾತ್ರ ಉಲ್ಟಾ ಕಡೆಗೆ ವಾಲಿದ್ದಾರೆ.

ಈಗ ನಮ್ಮೂರಿಗೆ ಬರುತ್ತೇನೆ.

ಮೊಗ್ರಾಲ್‌ನ ಮೂಸಾ ಶರೀಫ್ ಅವರ ಹೆಸರು ನಿಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತು? ಕಾರ್ ರ‍್ಯಾಲಿಯಲ್ಲಿ ಅವರು ಸಹಚಾಲಕ. ಗೌರವ್ ಗಿಲ್ ಅಂಥ ದೊಡ್ಡ ಚಾಲಕರ ಪಕ್ಕ ಕೂತು ರಾಷ್ಟ್ರೀಯ ಚಾಂಪಿಯನ್ ಆದವರು. ಜೆಂಕಿನ್ಸನ್ ಮಾಡಿದ ಕೆಲಸವೇ ಇವರದ್ದು. ಸುರುಳಿಯ ಬದಲು ಪುಸ್ತಕ, ಕೈಸನ್ನೆಯ ಬದಲು ಹೆಲ್ಮೆಟ್ ಒಳಗಿನ ಮೈಕು. ಕಾರು ಕಾಡಿನ ಮಣ್ಣು ರಸ್ತೆಯಲ್ಲಿ ಹಾರಿ ಬೀಳುವಾಗ ಕಣ್ಣು ಪುಸ್ತಕದ ಮೇಲೆ, ಮೈ ಮಾತ್ರ ರಸ್ತೆಯನ್ನು ಅಳೆಯುತ್ತಿರಬೇಕು. ಒಂದು ಸಾಲು ತಪ್ಪಿದರೆ ಇಬ್ಬರೂ ಕಂದಕದಲ್ಲಿ. ಪತ್ರಿಕೆಗಳಲ್ಲಿ ಫೋಟೊ ಬಂದಾಗ ನಾನು ಕತ್ತರಿಸಿ ಇಡುತ್ತೇನೆ. ಎಷ್ಟೋ ಸಲ ಫೋಟೊದ ಕೆಳಗೆ ಚಾಲಕರ ಹೆಸರು ಮಾತ್ರ ಇರುತ್ತದೆ. ನನ್ನ ಪ್ರಿಂಟಿನ ಅಂಚು ಕತ್ತರಿಸಿ ಹೋದಾಗ ಆದಷ್ಟೇ ಸಂಕಟ ಅದನ್ನು ನೋಡಿದಾಗಲೂ ಆಗುತ್ತದೆ.

ಜೆಂಕಿನ್ಸನ್ ಅವರ ಎತ್ತಿದ ಕೈ ಎಷ್ಟೋ ಚಿತ್ರಗಳಲ್ಲಿದೆ. ನಮ್ಮ ಮೊಗ್ರಾಲ್‌ನವರ ಚಿತ್ರ ಹುಡುಕಿದೆ. ಫೋಟೊ ಸಿಕ್ಕಿತು, ಯಾರೂ ಬಿಡಿಸಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ಮೂರು ವರ್ಷದ ಹಿಂದೆ ಬದಿಯಡ್ಕದ ಕಡೆಯ ಒಬ್ಬ ಹಳೇ ಬೋರ್ಡ್ ಪೇಂಟರ್ ಹತ್ತಿರ ಹೋದೆ. ಒಂದು ಕಾಲದಲ್ಲಿ ಅಂಗಡಿ ಬೋರ್ಡು, ಯಕ್ಷಗಾನದ ಬ್ಯಾನರು, ಲಾರಿಯ ಬೆನ್ನು ಎಲ್ಲ ಅವರ ಕೈಯದ್ದೇ. ಫ್ಲೆಕ್ಸ್ ಬಂದ ಮೇಲೆ ಕೆಲಸ ನಿಂತಿತು. ಈಗ ಅಡಿಕೆ ಸುಲಿಯಲು ಹೋಗುತ್ತಾರೆ.

ನಾನು ಫೋಟೊ ಕೊಟ್ಟೆ. ಕೆಂಪು ಮಣ್ಣಿನಲ್ಲಿ ಮಹೀಂದ್ರಾ ಎಕ್ಸ್‌ಯುವಿ. ಹದಿನೈದು ದಿನ ಬಿಟ್ಟು ಹೋದರೆ ಕಾರು ಅಚ್ಚುಕಟ್ಟಾಗಿ ಬಂದಿತ್ತು. ಒಂದೊಂದು ಸ್ಟಿಕ್ಕರೂ ಸರಿ. ಆದರೆ ಶೋರೂಮಿನಲ್ಲಿ ನಿಲ್ಲಿಸಿದ ಹಾಗಿತ್ತು. ನಾನು ಏನೂ ಹೇಳುವ ಮೊದಲೇ ಅವರು 'ಗಾಡಿ ನಿಂತಿದೆ ಮಾರಾಯ್ರೆ' ಅಂದರು. ಅವರಿಗೂ ನಿದ್ದೆ ಬಂದಿರಲಿಲ್ಲ. ಮರುದಿನ ಮೊಂಟೊ ಅವರ ಚಿತ್ರದ ಮರುಮುದ್ರಣ ತೆಗೆದುಕೊಂಡು ಹೋದೆ. ಅವರು ನೋಡಿದ್ದು ಮೊದಲು ಬಣ್ಣ ತುಂಬಿದ ರೀತಿಯನ್ನು. 'ಇದು ನಾವು ಲಾರಿಗೆ ನಂಬ್ರ ಹೊಡೆಯುವ ಹಾಗೇ ಅಲ್ವಾ, ತಗಡು ಕತ್ತರಿಸಿ?' ಅಂದರು. ಆಮೇಲೆ ಚಕ್ರದ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತರು.

'ಕಂಬಳದಲ್ಲಿ ಕೋಣ ಕಾಣುತ್ತದಾ?' ಅಂತ ಕೇಳಿದರು. ಪೈವಳಿಕೆಯ ಕಂಬಳ ನಾವಿಬ್ಬರೂ ನೋಡಿದವರೇ. 'ಕಾಲು ಕಾಣುವುದಿಲ್ಲ. ನೀರು ಕಾಣುತ್ತದೆ. ನೀರು ನೋಡಿಯೇ ನಮಗೆ ಓಟ ಗೊತ್ತಾಗುವುದು.' ಅಷ್ಟು ಹೇಳಿ ಒಳಗೆ ಹೋದರು.

ಎರಡನೆಯ ಚಿತ್ರದಲ್ಲಿ ಹಿಂದಿನ ಮರಗಳೆಲ್ಲ ಅಡ್ಡ ಗೆರೆಯಾಗಿದ್ದವು. ಮಣ್ಣು ಕಂಬಳದ ಕೆಸರು ನೀರಿನ ಹಾಗೆ ಎರಡು ಕಡೆಗೂ ಎದ್ದಿತ್ತು. ಕಾರಿನ ಅರ್ಧ ಆ ಕೆಂಪಿನಲ್ಲಿ ಮುಳುಗಿತ್ತು. ಎದುರಿನ ಗಾಜಿನ ಹಿಂದೆ ಮಾತ್ರ ಒಂದು ಕಡೆ ಎಲ್ಲ ಸ್ಪಷ್ಟ. ತಗ್ಗಿದ ಹೆಲ್ಮೆಟ್, ಎರಡು ಕೈ, ಬಿಳಿ ಪುಸ್ತಕ. ಇಡೀ ಚಿತ್ರದಲ್ಲಿ ಅಲುಗಾಡದೆ ಇರುವುದು ಆ ಪುಸ್ತಕ ಒಂದೇ. ನಾನು ಹೇಳಿಕೊಟ್ಟದ್ದಲ್ಲ ಅದು, ಅವರಿಗೇ ಹೊಳೆದದ್ದು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಇನ್ನೂ ಎರಡು ಬಿಡಿಸಿಕೊಟ್ಟರು. ಮೊದಲನೆಯದನ್ನೂ ನಾನು ಕೊಡಿ ಅಂತ ಕೇಳಿ ತಂದೆ. ನಾಲ್ಕಕ್ಕೂ ಕೆಳಗೆ ಸಹಿ, ಇಸವಿ ಹಾಕಿಸಿದ್ದೇನೆ. ಅಂಚನ್ನು ಯಾರೂ ಕತ್ತರಿಸದ ಹಾಗೆ ಫ್ರೇಮನ್ನು ನಾನೇ ಕೂತು ಮಾಡಿದೆ. ಹಿಂದೆ ಕಾಗದ ಅಂಟಿಸಿ ಚಾಲಕರ ಹೆಸರು, ಸಹಚಾಲಕರ ಹೆಸರು, ಚಿತ್ರಕಾರರ ಹೆಸರು ಮೂರೂ ಬರೆದಿದ್ದೇನೆ.

ಸಂಪಾದಕರೇ, ಕೇಳುವುದು ಇದೆ ಅಂದಿದ್ದೆನಲ್ಲ. ಇಂಗ್ಲೆಂಡಿನಲ್ಲಿ 'ದಿ ಆಟೋಕಾರ್' ಪತ್ರಿಕೆಗೆ ಗಾರ್ಡನ್ ಕ್ರಾಸ್ಬಿ ಎಂಬ ಚಿತ್ರಕಾರರಿದ್ದರು. ಜಾಗ್ವಾರ್ ಕಾರಿನ ಮೂಗಿನ ಮೇಲೆ ಜಿಗಿಯುವ, ಚಿರತೆಯಂಥ ಜಾಗ್ವಾರ್ ಪ್ರಾಣಿಯ ಮೂರ್ತಿ ಮಾಡಿಕೊಟ್ಟವರೂ ಅವರೇ. 'ದಿ ಮೋಟರ್' ಪತ್ರಿಕೆಗೆ ಬ್ರಯನ್ ಡಿ ಗ್ರಿನೊ ಇದ್ದರು. ಓಟವನ್ನು ಬಿಡಿಸಿ ಅಚ್ಚು ಹಾಕಿಸುವುದು ಪತ್ರಿಕೆಯದ್ದೇ ಕೆಲಸವಾಗಿತ್ತು. ಇವತ್ತು ಜನ ಹುಡುಕಿ ಕೊಳ್ಳುವ ಎಷ್ಟೋ ಚಿತ್ರಗಳು ಹಾಗೆ ಪತ್ರಿಕೆಗೆಂದು ಬಿಡಿಸಿದವು. ನೀವೂ ಒಮ್ಮೆ ಮಾಡಿ ನೋಡಿ. ಮುಂದಿನ ಸಲ ನಮ್ಮ ಕಡೆ ರ‍್ಯಾಲಿಯೋ ಕಂಬಳವೋ ನಡೆದಾಗ ವರದಿಗಾರರ ಜತೆ ಒಬ್ಬ ಚಿತ್ರಕಾರರನ್ನೂ ಕಳಿಸಿ. ದೊಡ್ಡ ಹೆಸರಿನವರೇ ಬೇಕಾಗಿಲ್ಲ. ಫ್ಲೆಕ್ಸ್‌ನಿಂದ ಕೆಲಸ ಹೋದ ಒಳ್ಳೆಯ ಕೈಗಳು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇನ್ನೂ ಇವೆ. ಭಾನುವಾರ ಅರ್ಧ ಪುಟ ಕೊಡಿ. ಕೆಳಗೆ ಬಿಡಿಸಿದವರ ಹೆಸರು ಹಾಕಿ. ರ‍್ಯಾಲಿಯ ಫೋಟೊ ಹಾಕುವಾಗ ಪಕ್ಕದ ಸೀಟಿನವರ ಹೆಸರನ್ನೂ ಬಿಡದೆ ಹಾಕಿ. ಎರಡು ಪದದ ಜಾಗ ಸಾಕು ಅದಕ್ಕೆ.

ಇನ್ನೊಂದು. ನಮ್ಮ ಗಡಿಭಾಗದ ಯಾವುದಾದರೂ ಕನ್ನಡ ಶಾಲೆಯಲ್ಲೋ ವಾಚನಾಲಯದಲ್ಲೋ ಒಣಗಿದ ಒಂದು ಗೋಡೆ ಇದ್ದರೆ ನನ್ನ 35 ಚಿತ್ರಗಳನ್ನೂ ಒಂದು ವಾರ ಮಕ್ಕಳಿಗೆ ತೋರಿಸಲು ತರುತ್ತೇನೆ. ಜೀಪಿನ ಬಾಡಿಗೆ ನನ್ನದೇ. ಚಕ್ರ ಯಾಕೆ ವಾಲಿದೆ ಅಂತ ನಿಂತು ಹೇಳುತ್ತೇನೆ. ಪೇಂಟರನ್ನೂ ಕರೆದುಕೊಂಡು ಬರುತ್ತೇನೆ, ಅವರು ಒಪ್ಪಿದ್ದಾರೆ. ಮೇ 20ರ ಹೊತ್ತಿಗೆ ನಾನು ಎಲ್ಲವನ್ನೂ ಗೋಡೆಯಿಂದ ಇಳಿಸಿ, ಬಟ್ಟೆ ಸುತ್ತಿ, ಅಟ್ಟದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತೇನೆ, ಮಳೆ ನಿಂತ ಮೇಲೆಯೇ ಮತ್ತೆ ಹೊರಗೆ. ಅದಕ್ಕೆ ಮೊದಲು ಯಾರಾದರೂ ಕರೆದರೆ ಒಳ್ಳೆಯದಿತ್ತು.

ಇಂತಿ,
ಪೆರ್ಲದ ಒಬ್ಬ ಓದುಗ,
ಕಾಸರಗೋಡು ಜಿಲ್ಲೆ